ಅಂಗಳಕ್ಕೆ ಬಂದ ಸಾಧು ಬೆಕ್ಕು ಯಾರದು?

ಪ್ರಶ್ನೆ: ನಾವಿರುವುದು ಮೈಸೂರಿನ ಕುವೆಂಪುನಗರದಲ್ಲಿ. ಎರಡು ವಾರದಿಂದ ದಿನಾ ಸಂಜೆ ಕಿತ್ತಳೆ ಬಣ್ಣದ ಪಟ್ಟೆ ಬೆಕ್ಕೊಂದು ಗೇಟು ದಾಟಿ ಬಂದು ಕಾಲಿಗೆ ಮೈ ಉಜ್ಜುತ್ತದೆ. ಎತ್ತಿಕೊಂಡರೂ ಸುಮ್ಮನಿರುತ್ತದೆ, ಮಗಳ ತೊಡೆಯ ಮೇಲೆ ನಿದ್ದೆ ಮಾಡುತ್ತದೆ. ಗಂಡೋ ಹೆಣ್ಣೋ ಗೊತ್ತಾಗುತ್ತಿಲ್ಲ. ಕೊರಳಲ್ಲಿ ಪಟ್ಟಿ ಇಲ್ಲ. ಯಾರೋ ಸಾಕಿದ್ದೇ ಇರಬೇಕು ಅನಿಸುತ್ತದೆ. ಅವರನ್ನು ಹುಡುಕುವುದು ಹೇಗೆ? ಯಾರೂ ಸಿಗದಿದ್ದರೆ ನಾವೇ ಇಟ್ಟುಕೊಳ್ಳಬಹುದೆ? ಮನೆಯಲ್ಲಿ ಈಗಾಗಲೇ ಎರಡು ವರ್ಷದ ಹೆಣ್ಣು ಬೆಕ್ಕೊಂದಿದೆ. ನಂಜನಗೂಡಿನ ಕಡೆಯ ನೆಂಟರೊಬ್ಬರು ತಮ್ಮ ತೋಟಕ್ಕೆ ಒಯ್ಯುತ್ತೇವೆ ಅನ್ನುತ್ತಿದ್ದಾರೆ, ಕೊಡಬಹುದೆ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದೊಂದು ಕೆಲಸ ನಡೆದುಹೋದರೆ ಮಿಕ್ಕಿದ್ದಕ್ಕೆ ಅರ್ಥವೇ ಉಳಿಯುವುದಿಲ್ಲ. ದಯವಿಟ್ಟು ತೋಟಕ್ಕೆ ಕಳಿಸಬೇಡಿ, ಈಗಂತೂ ಬೇಡ. ನಿಮ್ಮ ನೆಂಟರ ಮನಸ್ಸು ಒಳ್ಳೆಯದೇ ಇರಬಹುದು. ಆದರೆ ಈ ಬೆಕ್ಕನ್ನು ಹುಡುಕುತ್ತಿರುವವರು ಯಾರಾದರೂ ಇದ್ದರೆ ಅವರು ನಿಮ್ಮ ಬೀದಿಯ ಸುತ್ತಮುತ್ತಲೇ ಹುಡುಕುತ್ತಿರುತ್ತಾರೆ, ನಂಜನಗೂಡಿನಲ್ಲಲ್ಲ. ಬೆಕ್ಕು ತನ್ನ ಜಾಗವನ್ನು ವಾಸನೆಯಿಂದಲೂ ಗೋಡೆ, ಮಾಡು, ಸಂದಿಗಳ ಪರಿಚಯದಿಂದಲೂ ನೆನಪಿಟ್ಟುಕೊಳ್ಳುವ ಪ್ರಾಣಿ. ಹೊಸ ಜಾಗದಲ್ಲಿ ಬಿಟ್ಟ ಕೂಡಲೇ ಬಹುಪಾಲು ಬೆಕ್ಕುಗಳು ಅಲ್ಲಿಂದ ಓಡುತ್ತವೆ, ದಾರಿಯಲ್ಲಿ ನಾಯಿಗೋ ಲಾರಿಗೋ ಸಿಗುತ್ತವೆ. ಪಶುವೈದ್ಯನಾಗಿ ನಾನು ನೋಡಿರುವ ಮಟ್ಟಿಗೆ, ಸಾಕಿದವರಿಗೂ ಬೆಕ್ಕಿಗೂ ಇದ್ದ ನಂಟು ಶಾಶ್ವತವಾಗಿ ಕಡಿದುಹೋಗುವುದು ಬೆಕ್ಕು ತಪ್ಪಿಸಿಕೊಂಡದ್ದರಿಂದಲ್ಲ. ಕರುಣೆಯುಳ್ಳ ಯಾರೋ ಅದನ್ನು ದೂರ ಸಾಗಿಸಿದ್ದರಿಂದಲೇ ಹೆಚ್ಚು.

ಈ ಮಾತಿಗೆ ಆಧಾರವೂ ಇದೆ. ಕಾಣೆಯಾದ ಬೆಕ್ಕುಗಳ ಬಗ್ಗೆ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಸಂಶೋಧಕರು ಸಾವಿರಕ್ಕೂ ಹೆಚ್ಚು ಪ್ರಕರಣಗಳನ್ನು ಕಲೆಹಾಕಿ 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಸಿಕ್ಕಿದ ಬೆಕ್ಕುಗಳಲ್ಲಿ ನಾಲ್ಕರಲ್ಲಿ ಮೂರು ಪಾಲು, ತಪ್ಪಿಸಿಕೊಂಡ ಜಾಗದಿಂದ 500 ಮೀಟರ್ ಒಳಗೇ ಸಿಕ್ಕಿದ್ದವು. ಕಾಣೆಯಾದ ಒಟ್ಟು ಬೆಕ್ಕುಗಳಲ್ಲಿ ಸುಮಾರು ಮೂರನೇ ಒಂದು ಭಾಗ ಮೊದಲ ವಾರದಲ್ಲೇ ಸಿಕ್ಕಿದ್ದರೆ, ಒಂದು ವರ್ಷದೊಳಗೆ ಸಿಕ್ಕಿದ್ದು ಶೇಕಡಾ 61. ಅವು ಬೇರೆ ದೇಶದ ಬೆಕ್ಕುಗಳು, ಬೇರೆ ರೀತಿಯ ಮನೆಗಳು, ಒಪ್ಪುತ್ತೇನೆ. ಆದರೂ ಬೆಕ್ಕಿನ ಕಾಲು ಎಷ್ಟು ದೂರ ಹೋಗುತ್ತದೆ ಅನ್ನುವುದಕ್ಕೆ ಇದು ಒಳ್ಳೆಯ ಅಳತೆ. 500 ಮೀಟರ್ ಅಂದರೆ ನಿಮ್ಮ ಬಡಾವಣೆಯಲ್ಲಿ ಐದಾರು ಅಡ್ಡರಸ್ತೆ. ನೀವು ಹುಡುಕಬೇಕಾದ ಮನೆ ನಡೆದು ಮುಟ್ಟುವಷ್ಟು ಹತ್ತಿರದಲ್ಲೇ ಇರುವ ಸಾಧ್ಯತೆ ಹೆಚ್ಚು.

ಈಗ ಬೆಕ್ಕಿನ ಸ್ವಭಾವದ ಬಗ್ಗೆ. ತೊಡೆಯ ಮೇಲೆ ಮಲಗುವ ಬೆಕ್ಕು ಮನುಷ್ಯರ ಕೈಯಲ್ಲೇ ಬೆಳೆದದ್ದು, ಇದರಲ್ಲಿ ಅನುಮಾನವಿಲ್ಲ. ಬೆಕ್ಕಿನ ಮರಿಗೆ ಹುಟ್ಟಿದ ಎರಡನೇ ವಾರದಿಂದ ಏಳನೇ ವಾರದವರೆಗೆ ಮನುಷ್ಯರ ಕೈಸೋಕು ಚೆನ್ನಾಗಿ ಸಿಕ್ಕಿದರೆ ಅದು ಜೀವಮಾನವಿಡೀ ಜನರನ್ನು ನಂಬುತ್ತದೆ. ಆ ಕಾಲದಲ್ಲಿ ಮನುಷ್ಯರನ್ನೇ ಕಾಣದ ಮರಿ ಮುಂದೆ ಎಷ್ಟು ಊಟ ಹಾಕಿದರೂ ಎತ್ತಿಕೊಳ್ಳಲು ಬಿಡುವುದು ಅಪರೂಪ. ಬಾಲ ನೆಟ್ಟಗೆ ನಿಲ್ಲಿಸಿಕೊಂಡು ಬರುವುದು, ನಿಮ್ಮನ್ನು ನೋಡಿ ನಿಧಾನವಾಗಿ ಕಣ್ಣು ಮುಚ್ಚಿ ತೆರೆಯುವುದು, ನಿಮ್ಮ ಮುಖ ನೋಡಿಯೇ ಮಿಯಾಂವ್ ಅನ್ನುವುದು ಎಲ್ಲವೂ ಅದೇ ಕಥೆ ಹೇಳುತ್ತವೆ. ಬೆಳೆದ ಬೆಕ್ಕುಗಳು ತಮ್ಮ ತಮ್ಮಲ್ಲಿ ಹಾಗೆ ಕೂಗಿಕೊಳ್ಳುವುದು ಕಡಿಮೆ, ಆ ದನಿಯನ್ನು ಅವು ನಮಗಾಗಿಯೇ ಇಟ್ಟುಕೊಂಡಿವೆ.

ಆದರೆ ಯಾರೋ ಬೆಳೆಸಿದ ಬೆಕ್ಕು ಅನ್ನುವುದು ಒಂದು ಸಂಗತಿ, ದಾರಿ ತಪ್ಪಿದ ಬೆಕ್ಕು ಅನ್ನುವುದು ಬೇರೆಯೇ ಸಂಗತಿ. ನಮ್ಮೂರುಗಳಲ್ಲಿ ಬೆಕ್ಕನ್ನು ಬಾಗಿಲು ಹಾಕಿಕೊಂಡು ಸಾಕುವವರು ಇತ್ತೀಚೆಗೆ ಹೆಚ್ಚಾಗಿದ್ದಾರೆ ನಿಜ, ಆದರೂ ಹಳೆಯ ಪದ್ಧತಿ ಹೋಗಿಲ್ಲ. ಬೆಳಗ್ಗೆ ಒಂದು ಮನೆಯ ಹಿತ್ತಲಲ್ಲಿ ಹಾಲನ್ನ, ಮಧ್ಯಾಹ್ನ ಕೋಳಿ ಅಂಗಡಿಯ ಮುಂದೆ ಚೂರು, ಸಂಜೆ ನಿಮ್ಮ ಮಗಳ ತೊಡೆ, ರಾತ್ರಿ ಇನ್ಯಾರದೋ ಸ್ಕೂಟರ್ ಸೀಟು. ಎಷ್ಟೋ ಬೆಕ್ಕುಗಳು ಬದುಕುವುದು ಹೀಗೆ, ಸುಖವಾಗಿಯೇ. ನಿಮ್ಮ ಪ್ರಶ್ನೆಯಲ್ಲಿ ನನ್ನ ಗಮನ ಸೆಳೆದ ಮಾತು ‘ದಿನಾ ಸಂಜೆ’. ನಿಜವಾಗಿ ದಾರಿ ತಪ್ಪಿದ ಬೆಕ್ಕು ಸಾಮಾನ್ಯವಾಗಿ ಕಾರಿನಡಿ, ಚರಂಡಿ ಚಪ್ಪಡಿಯ ಕೆಳಗೆ ಅಡಗಿ ಕೂರುತ್ತದೆ, ಹಗಲು ಹೊರಗೇ ಬರುವುದಿಲ್ಲ, ಹಸಿವು ತಡೆಯಲಾರದೆ ಬಂದರೂ ಗಾಬರಿಯಲ್ಲಿರುತ್ತದೆ. ಹೊತ್ತು ನೋಡಿದಂತೆ ಬಂದು, ಮಲಗಿ, ಎದ್ದುಹೋಗುವ ಬೆಕ್ಕಿಗೆ ಹೋಗಲು ಇನ್ನೊಂದು ಜಾಗ ಇದೆ ಎಂದೇ ಮೊದಲು ಎಣಿಸಬೇಕು.

ಹಾಗಾಗಿ ಮೊದಲ ಎರಡು ಮೂರು ದಿನ ನೀವು ಮಾಡಬೇಕಾದದ್ದು ನೋಡುವ ಕೆಲಸ. ನಿಮ್ಮ ಮನೆಯಿಂದ ಎದ್ದು ಯಾವ ಕಡೆ ಹೋಗುತ್ತದೆ? ಗೋಡೆ ಹತ್ತುತ್ತದೋ, ರಸ್ತೆ ದಾಟುತ್ತದೋ? ಮೈ ಹೇಗಿದೆ? ಹೊಟ್ಟೆ ತುಂಬಿಕೊಂಡು ಬರುತ್ತದೋ, ಹಾಕಿದ್ದನ್ನೆಲ್ಲ ಬಾಚಿ ತಿನ್ನುತ್ತದೋ? ಕೊರಳ ಸುತ್ತ ರೋಮ ಅದುಮಿಹೋದ ಗೆರೆ ಇದ್ದರೆ ಮೊನ್ನೆ ಮೊನ್ನೆಯವರೆಗೆ ಪಟ್ಟಿ ಇತ್ತು ಎಂದರ್ಥ. ಫ್ರಿಜ್ ಬಾಗಿಲು ತೆರೆದ ಸದ್ದಿಗೆ, ಬಿಸ್ಕತ್ತಿನ ಪೊಟ್ಟಣದ ಚರಚರ ಸದ್ದಿಗೆ ಕಿವಿ ನಿಮಿರಿದರೆ ಅದು ಮನೆಯೊಳಗೆ ಬದುಕಿದ ಬೆಕ್ಕು. ಹೆಸರು ಹಿಡಿದು ಕರೆದೂ ನೋಡಬಹುದು. ಬೆಕ್ಕಿಗೆ ತನ್ನ ಹೆಸರನ್ನು ಬೇರೆ ಪದಗಳಿಂದ ಬೇರ್ಪಡಿಸಿ ಗುರುತಿಸುವ ಶಕ್ತಿ ಇದೆ ಎಂದು ಜಪಾನಿನ ಅಟ್ಸುಕೊ ಸೈಟೋ ಮತ್ತು ಸಂಗಡಿಗರು 2019ರಲ್ಲಿ ತೋರಿಸಿದ್ದಾರೆ. ಚಿನ್ನು, ಪುಟ್ಟಿ, ಕಿಟ್ಟಿ, ಸಿಂಬಾ, ಬಬ್ಲು ಎಂದು ಒಂದೇ ದನಿಯಲ್ಲಿ, ನಡುವೆ ಬಿಡುವು ಕೊಟ್ಟು ಹೇಳುತ್ತಾ ಹೋಗಿ. ಯಾವುದೋ ಒಂದಕ್ಕೆ ತಟ್ಟನೆ ತಲೆ ತಿರುಗಿಸಿದರೆ ಬರೆದಿಟ್ಟುಕೊಳ್ಳಿ, ಮುಂದೆ ಉಪಯೋಗಕ್ಕೆ ಬರುತ್ತದೆ. ಕನ್ನಡಕ್ಕೆ ತಿರುಗದ ಬೆಕ್ಕು ಉರ್ದುವಿಗೋ ತಮಿಳಿಗೋ ತಿರುಗಿದರೆ ಯಾರ ಮನೆ ವಿಚಾರಿಸಬೇಕು ಅನ್ನುವುದಕ್ಕೆ ಅದೂ ಒಂದು ಸುಳಿವು.

ಗಂಡೋ ಹೆಣ್ಣೋ ಎಂಬುದನ್ನೂ ಈಗಲೇ ತಿಳಿದುಕೊಳ್ಳಿ. ಕಿತ್ತಳೆ ಬಣ್ಣದ ಬೆಕ್ಕುಗಳಲ್ಲಿ ಐದಕ್ಕೆ ನಾಲ್ಕರಷ್ಟು ಗಂಡು, ಆದರೆ ಬಣ್ಣ ನೋಡಿ ತೀರ್ಮಾನಿಸಬೇಡಿ. ಬಾಲ ಎತ್ತಿದಾಗ ಎರಡು ರಂಧ್ರಗಳ ನಡುವೆ ಅಂತರ ಕಡಿಮೆ ಇದ್ದರೆ ಹೆಣ್ಣು. ಅಂತರ ಹೆಚ್ಚಿದ್ದು, ನಡುವೆ ಬೀಜ ಅಥವಾ ಬೀಜ ತೆಗೆದ ಚಿಕ್ಕ ಚರ್ಮದ ಚೀಲ ಇದ್ದರೆ ಗಂಡು. ಆಪರೇಷನ್ ಆಗಿರುವ ಬೆಕ್ಕಿಗೆ ಯಾರೋ ದುಡ್ಡು ಖರ್ಚು ಮಾಡಿದ್ದಾರೆ, ಆದ್ದರಿಂದ ಮನೆ ಇರುವ ಸಂಭವ ಹೆಚ್ಚು. ಆದರೆ ಒಂದು ಕಿವಿಯ ತುದಿಯನ್ನು ನೇರವಾಗಿ ಕತ್ತರಿಸಿದ್ದರೆ, ಅದು ಬೀದಿ ಬೆಕ್ಕುಗಳಿಗೆ ಆಪರೇಷನ್ ಮಾಡಿಸಿ ಅದೇ ಜಾಗಕ್ಕೆ ವಾಪಸು ಬಿಡುವವರು ಹಾಕುವ ಗುರುತು. ಅಂಥ ಬೆಕ್ಕಿಗೆ ಒಬ್ಬ ಮಾಲೀಕ ಇಲ್ಲದಿರಬಹುದು, ನೋಡಿಕೊಳ್ಳುವವರು ಮಾತ್ರ ಖಂಡಿತ ಇದ್ದಾರೆ. ಹೋರಾಟದಲ್ಲಿ ಹರಿದ ಕಿವಿ ಅಂಕುಡೊಂಕಾಗಿರುತ್ತದೆ, ಎರಡನ್ನೂ ಒಂದೇ ಎಂದುಕೊಳ್ಳಬೇಡಿ.

ಹೆಣ್ಣಾಗಿದ್ದರೆ ಇನ್ನೊಂದು ಪರೀಕ್ಷೆ ಬಹಳ ಮುಖ್ಯ. ಹೊಟ್ಟೆಯಡಿ ಬೆರಳಾಡಿಸಿ. ಮೊಲೆತೊಟ್ಟು ಉಬ್ಬಿ, ಸುತ್ತಲ ರೋಮ ಸವೆದಿದ್ದರೆ ಅದು ಬಾಣಂತಿ. ಎಲ್ಲೋ ಅಟ್ಟದ ಮೇಲೋ, ಕಟ್ಟುತ್ತಿರುವ ಮನೆಯ ಇಟ್ಟಿಗೆ ರಾಶಿಯ ಹಿಂದೋ ಮರಿಗಳಿವೆ. ಬೆಕ್ಕು ಮರಿಗಳನ್ನು ಏಳು ಮನೆ ಸುತ್ತಿಸುತ್ತದೆ ಎಂದು ಹಿರಿಯರು ಹೇಳುವುದು ಸುಮ್ಮನೆ ಅಲ್ಲ. ಅಂಥ ತಾಯಿಯನ್ನು ‘ಪಾಪ’ ಎಂದು ಮನೆಯೊಳಗೆ ಕೂಡಿಹಾಕಿದರೆ, ಕಣ್ಣು ಬಿಡದ ಮರಿಗಳು ಒಂದೆರಡು ದಿನದಲ್ಲಿ ಸಾಯುತ್ತವೆ. ಊಟ ಹಾಕಿ ಬಿಡಿ, ಹಿಂದೆ ಹೋಗಿ ಜಾಗ ನೋಡಿಕೊಳ್ಳಿ.

ಇನ್ನು ಹುಡುಕುವ ಕೆಲಸ. ನನ್ನ ಮಟ್ಟಿಗೆ ಇದಕ್ಕೆ ಎಲ್ಲಕ್ಕಿಂತ ಒಳ್ಳೆಯ ಉಪಾಯ ಒಂದು ಕಾಗದದ ಪಟ್ಟಿ. ನೋಟ್‌ಬುಕ್ಕಿನ ಹಾಳೆಯಲ್ಲಿ ಎರಡು ಬೆರಳಗಲದ ಉದ್ದ ಪಟ್ಟಿ ಕತ್ತರಿಸಿ, ಬಾಲ್‌ಪೆನ್ನಿನಲ್ಲಿ ಬರೆಯಿರಿ: ‘ಈ ಬೆಕ್ಕು ನಿಮ್ಮದೇ? ನಮ್ಮ ಮನೆಗೆ ಬರುತ್ತಿದೆ. ದಯವಿಟ್ಟು ಕರೆ ಮಾಡಿ’, ಕೆಳಗೆ ಫೋನ್ ನಂಬರು. ಜೆಲ್ ಪೆನ್ನಿನ ಶಾಯಿ ಒಂದು ಹನಿಗೆ ಹರಡಿಬಿಡುತ್ತದೆ. ಪಟ್ಟಿಯನ್ನು ಕೊರಳಿಗೆ ಸುತ್ತಿ, ಒಳಗೆ ಎರಡು ಬೆರಳು ತೂರುವಷ್ಟು ಸಡಿಲ ಬಿಟ್ಟು, ಕಾಗದದ ತುದಿಗೆ ಮಾತ್ರ ಅಂಟುಪಟ್ಟಿ ಹಚ್ಚಿ, ರೋಮಕ್ಕೆ ತಾಗದಂತೆ. ಇದರ ಒಳ್ಳೆಯತನವೇ ಹರಿದುಹೋಗುವುದು. ಗೋಡೆ ಹಾರುವಾಗ ಕೊಂಬೆಗೆ ಸಿಕ್ಕಿದರೆ ಕಾಗದ ಹರಿಯುತ್ತದೆ, ಬೆಕ್ಕು ಉಳಿಯುತ್ತದೆ. ದಾರ, ರಿಬ್ಬನ್, ರಬ್ಬರ್ ಬ್ಯಾಂಡ್ ಯಾವುದನ್ನೂ ಕಟ್ಟಲೇಬೇಡಿ. ರಬ್ಬರ್ ಬ್ಯಾಂಡು ಚರ್ಮದೊಳಗೆ ಇಳಿದು ಕೊರಳೇ ಕೊಳೆತ ಬೆಕ್ಕುಗಳು ಚಿಕಿತ್ಸೆಗೆ ಬರುತ್ತವೆ. ಬಿಗಿ ಬೆಲ್ಟು ಕಟ್ಟಿದ ಬೆಕ್ಕು ಅದರಿಂದ ಬಿಡಿಸಿಕೊಳ್ಳಲು ಹೋಗಿ ಮುಂಗಾಲು ಸಿಕ್ಕಿಸಿಕೊಂಡು ಕಂಕುಳು ಸೀಳಿಕೊಳ್ಳುತ್ತದೆ.

ಕಾಗದದ ಪಟ್ಟಿಯ ಫಲ ಬಹುಬೇಗ ಗೊತ್ತಾಗುತ್ತದೆ. ಫೋನ್ ಬಂದರೆ ಸರಿ. ಪಟ್ಟಿಯೇ ಇಲ್ಲದೆ ಬೆಕ್ಕು ಬಂದರೆ ಹರಿದಿರಬಹುದು, ಯಾರೋ ಬಿಚ್ಚಿರಲೂಬಹುದು, ಇನ್ನೊಂದು ಕಟ್ಟಿ. ಕೆಲವೊಮ್ಮೆ ಉತ್ತರ ಆ ಪಟ್ಟಿಯ ಮೇಲೇ ಬರೆದು ಬರುತ್ತದೆ. ನನ್ನ ಬಳಿ ಬರುವ ಒಬ್ಬರು ಹೀಗೆ ಕಟ್ಟಿದಾಗ ಬೇರೆ ಬೇರೆ ಮನೆಗಳಿಂದ ಫೋನ್ ಬಂದವು. ಪ್ರತಿ ಮನೆಯಲ್ಲೂ ಅದಕ್ಕೆ ಬೇರೆ ಹೆಸರು, ಎಲ್ಲರೂ ಅದು ತಮ್ಮದೇ ಎಂದುಕೊಂಡಿದ್ದರು. ಯಾರೂ ಅದಕ್ಕೆ ಲಸಿಕೆ ಹಾಕಿಸಿರಲಿಲ್ಲ, ಪ್ರತಿಯೊಬ್ಬರೂ ಇನ್ನೊಬ್ಬರು ಹಾಕಿಸಿರುತ್ತಾರೆ ಎಂದು ಬಿಟ್ಟಿದ್ದರು. ಆಮೇಲೆ ಎಲ್ಲರೂ ಸೇರಿ ಖರ್ಚು ಹಂಚಿಕೊಂಡರು. ಹೆಣ್ಣುಮಕ್ಕಳ ನಂಬರು ಹೀಗೆ ಊರೆಲ್ಲ ಸುತ್ತುವುದು ಇಷ್ಟವಿಲ್ಲದಿದ್ದರೆ ಮನೆಯ ಬೇರೆಯವರ ನಂಬರು ಹಾಕಿ.

ಪಟ್ಟಿಯ ಜೊತೆಗೆ ಬಾಯಿಮಾತು. ಫೋನಿನಲ್ಲಿ ಒಳ್ಳೆಯ ಫೋಟೊ ಇಟ್ಟುಕೊಂಡು ನಡೆಯಿರಿ. ಮನೆ ಮನೆ ಗಂಟೆ ಒತ್ತುವುದಕ್ಕಿಂತ ಮೊದಲು, ಬೆಳಗಾಗುವ ಮುಂಚೆ ಬೀದಿಗೆ ಬರುವವರನ್ನು ಕೇಳಿ: ಹಾಲು ಹಾಕುವವರು, ಪೇಪರ್ ಹುಡುಗರು, ಹೂ ಮಾರುವವರು, ಗುಡಿಸುವ ಪೌರಕಾರ್ಮಿಕರು. ಬೆಕ್ಕುಗಳು ಓಡಾಡುವ ಹೊತ್ತೂ ಅದೇ, ಯಾವ ಬೆಕ್ಕು ಯಾವ ಕಾಂಪೌಂಡಿನಿಂದ ಇಳಿಯುತ್ತದೆ ಎಂದು ಅವರಿಗೆ ಗೊತ್ತು. ನಾಲ್ಕಾರು ಮನೆ ಕೆಲಸ ಮಾಡುವ ಅಮ್ಮಂದಿರನ್ನು ಕೇಳಿದರೆ ನಾಲ್ಕಾರು ಮನೆಯ ಅಡುಗೆಮನೆಯನ್ನೇ ಕೇಳಿದಂತೆ. ಇಸ್ತ್ರಿ ಅಂಗಡಿ, ಕೋಳಿ ಅಂಗಡಿ, ಮೀನು ಮಾರುವವರು, ಅಪಾರ್ಟ್‌ಮೆಂಟಿನ ಸೆಕ್ಯೂರಿಟಿ, ಇವರನ್ನೂ ಬಿಡಬೇಡಿ. ಮಕ್ಕಳನ್ನಂತೂ ಕೇಳಲೇಬೇಕು. ದೊಡ್ಡವರಿಗೆ ‘ಯಾವುದೋ ಬೆಕ್ಕು’ ಆಗಿರುವುದಕ್ಕೆ ಮಕ್ಕಳ ಬಳಿ ಹೆಸರಿರುತ್ತದೆ.

ಮೈಸೂರಿನಂಥ ಊರಿನಲ್ಲಿ ವಿಶೇಷವಾಗಿ ನೋಡಬೇಕಾದದ್ದು ಇತ್ತೀಚೆಗೆ ಖಾಲಿಯಾದ ಮನೆಗಳು. ಬೋಗ್ಯದ ಅವಧಿ ಮುಗಿದು ಮನೆ ಬದಲಿಸಿದವರ ಬೆಕ್ಕು ಹೊಸ ಮನೆಯಿಂದ ತಪ್ಪಿಸಿಕೊಂಡು ಹಳೆಯ ಬೀದಿಗೇ ವಾಪಸು ಬರುವುದುಂಟು. ಪರೀಕ್ಷೆ ಮುಗಿಸಿ ಊರಿಗೆ ಹೋದ ವಿದ್ಯಾರ್ಥಿಗಳು ರೂಮಿನಲ್ಲಿ ಸಾಕಿದ್ದ ಬೆಕ್ಕನ್ನು ಹಾಗೇ ಬಿಟ್ಟುಹೋಗುವುದೂ ಉಂಟು. ಒಂಟಿಯಾಗಿದ್ದ ಹಿರಿಯರು ಆಸ್ಪತ್ರೆ ಸೇರಿದಾಗ, ತೀರಿಕೊಂಡಾಗ ಅವರ ಬೆಕ್ಕು ಊಟ ಹುಡುಕಿಕೊಂಡು ಬೀದಿಗಿಳಿಯುತ್ತದೆ. ‘ಬಾಡಿಗೆಗೆ ಇದೆ’ ಎಂಬ ಬೋರ್ಡು ಕಂಡಲ್ಲಿ ಕಟ್ಟಡದ ಮಾಲೀಕರಿಗೆ ಫೋನ್ ಮಾಡಿ, ಹಿಂದೆ ಇದ್ದವರಿಗೆ ಬೆಕ್ಕಿತ್ತೇ ಎಂದು ಕೇಳಿ. ದೀಪಾವಳಿಯ ಆಸುಪಾಸಿನಲ್ಲಾದರೆ ಪಟಾಕಿಗೆ ಹೆದರಿ ಓಡಿಬಂದದ್ದೂ ಇರಬಹುದು. ಕಾರಿನ ಬಾನೆಟ್ಟಿನೊಳಗೆ, ಸಾಮಾನು ಸಾಗಿಸುವ ಟೆಂಪೋದಲ್ಲಿ ಕುಳಿತು ಬೇರೆ ಬಡಾವಣೆಯಿಂದ ಬಂದಿಳಿಯುವ ಬೆಕ್ಕುಗಳೂ ಇವೆ, ಅಂಥವಕ್ಕೆ ಮಾತ್ರ 500 ಮೀಟರಿನ ಲೆಕ್ಕ ಕೆಲಸಕ್ಕೆ ಬಾರದು.

ಚೀಟಿ ಅಂಟಿಸುವುದಾದರೆ ಅಂಗಡಿಯವರನ್ನು ಕೇಳಿ ಅಂಗಡಿಯೊಳಗೆ, ಔಷಧಿ ಅಂಗಡಿಯ ಗಾಜಿಗೆ, ಅಪಾರ್ಟ್‌ಮೆಂಟಿನ ಸೂಚನಾ ಫಲಕಕ್ಕೆ, ಪಶು ಆಸ್ಪತ್ರೆಗೆ ಹಾಕಿ. ಕರೆಂಟ್ ಕಂಬ, ಸರ್ಕಾರಿ ಗೋಡೆ ಬೇಡ. ಸಾರ್ವಜನಿಕ ಜಾಗ ವಿರೂಪಗೊಳಿಸುವುದನ್ನು ತಡೆಯಲು ಕರ್ನಾಟಕದಲ್ಲಿ 1981ರಿಂದಲೇ ಕಾಯ್ದೆ ಇದೆ. ಕನ್ನಡದಲ್ಲೂ ಇಂಗ್ಲಿಷಿನಲ್ಲೂ ‘ಬೆಕ್ಕು ಸಿಕ್ಕಿದೆ’ ಎಂದು ದಪ್ಪಕ್ಷರದಲ್ಲಿ ಬರೆದು, ಬಣ್ಣದ ಫೋಟೊ, ಬಡಾವಣೆಯ ಹೆಸರು, ನಂಬರು ಇಷ್ಟು ಸಾಕು. ಬಡಾವಣೆಯ ವಾಟ್ಸ್‌ಆ್ಯಪ್ ಗುಂಪುಗಳಿಗೆ ಅದೇ ಚಿತ್ರ ಕಳಿಸಿ. ಸ್ಥಳೀಯ ದಿನಪತ್ರಿಕೆಯಲ್ಲಿ ಚಿಕ್ಕ ಜಾಹೀರಾತು ಕೊಡುವುದೂ ಒಳ್ಳೆಯದು, ವಯಸ್ಸಾದವರು ಇವತ್ತಿಗೂ ನೋಡುವುದು ಅದನ್ನೇ. ನಿಮ್ಮ ಮನೆಯ ಪೂರ್ತಿ ವಿಳಾಸ ಎಲ್ಲಿಯೂ ಹಾಕಬೇಡಿ. ಬೆಕ್ಕಿನ ಒಂದು ಗುರುತನ್ನು ಬೇಕೆಂದೇ ಬರೆಯದೆ ಉಳಿಸಿಕೊಳ್ಳಿ: ಬಲ ಹಿಂಗಾಲಿನ ಬಿಳಿ ಚುಕ್ಕೆ, ಅಂಗುಳದ ಕಪ್ಪು ಮಚ್ಚೆ, ಬಾಲದ ತುದಿಯ ಡೊಂಕು, ಹೀಗೆ ಏನಾದರೊಂದು.

ಆ ಗುರುತು ಬೇಕಾಗುವುದು ಫೋನ್ ಬಂದಾಗ. ‘ನಮ್ಮದೇ’ ಎಂದವರಿಗೆ ತಕ್ಷಣ ಒಪ್ಪಿಸಬೇಡಿ, ಹಾಗೆಂದು ಕಳ್ಳರನ್ನು ವಿಚಾರಿಸಿದಂತೆಯೂ ವಿಚಾರಿಸಬೇಡಿ. ಹಳೆಯ ಫೋಟೊ ಇದೆಯೇ, ಗಂಡೋ ಹೆಣ್ಣೋ, ಎಂದಿನಿಂದ ಕಾಣುತ್ತಿಲ್ಲ, ಬೇರೆ ಗುರುತೇನಿದೆ ಎಂದು ಕೇಳಿದರೆ ನಿಜವಾಗಿ ಸಾಕಿದವರು ನೀವು ಕೇಳಿದ್ದಕ್ಕಿಂತ ಹೆಚ್ಚೇ ಹೇಳುತ್ತಾರೆ. ಲಸಿಕೆಯ ಪುಸ್ತಕ ಇದ್ದರೆ ಇನ್ನೂ ಸರಿ. ಬೆಕ್ಕು ಬಂದವರನ್ನು ಕಂಡು ಅವರ ಬಳಿಗೆ ಓಡಿತೋ ಇಲ್ಲವೋ ಎಂಬುದನ್ನು ಮಾತ್ರ ಸಾಕ್ಷಿ ಮಾಡಿಕೊಳ್ಳಬೇಡಿ. ಕೆಲವು ದಿನ ದೂರವಿದ್ದ ಬೆಕ್ಕು ಹೊಸ ಜಾಗದಲ್ಲಿ ತನ್ನವರನ್ನು ಕಂಡೂ ಮುದುಡಿಕೊಳ್ಳಬಹುದು. ಈ ಬೆಕ್ಕಾದರೋ ಎಲ್ಲರ ತೊಡೆಯನ್ನೂ ಹತ್ತುವಂಥದ್ದು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಬೆಕ್ಕನ್ನು ಹಚ್ಚಿಕೊಂಡವರಿಗೆ, ಹುಡುಕಿಕೊಂಡು ಬಂದವರ ಬಗ್ಗೆ ತಪ್ಪು ಹುಡುಕುವ ಮನಸ್ಸಾಗುತ್ತದೆ. ‘ಹೊರಗೆ ಬಿಟ್ಟಿದ್ದಾರೆ’, ‘ಬರೀ ಅನ್ನ ಹಾಕುತ್ತಾರಂತೆ’, ‘ಇವರಿಗೆ ಕೊಡುವುದಕ್ಕಿಂತ ನಮ್ಮಲ್ಲೇ ಚೆನ್ನಾಗಿರುತ್ತದೆ’ ಎಂದು. ಇದು ನ್ಯಾಯವಲ್ಲ. ಪೊಟ್ಟಣದ ಆಹಾರ ಕೊಳ್ಳಲಾಗದ ಮನೆಗಳಲ್ಲಿ ತಮ್ಮ ತಟ್ಟೆಯಿಂದಲೇ ಮೀನಿನ ತುಂಡು ತೆಗೆದಿಡುವವರನ್ನು ನಾನು ದಿನಾ ನೋಡುತ್ತೇನೆ. ಹೊಡೆದ, ಸುಟ್ಟ, ಉಪವಾಸ ಕೆಡವಿದ ಗುರುತು ಇದ್ದರೆ ಬೇರೆ ಮಾತು, ಆಗ 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಇದೆ, ದೂರು ಕೊಡಿ. ಬಡತನ ಹಿಂಸೆಯಲ್ಲ.

ಕಾನೂನು ಕೂಡ ಹುಡುಕುವ ಹೊಣೆಯನ್ನು ಸಿಕ್ಕವರ ಮೇಲೇ ಇಡುತ್ತದೆ. ಭಾರತೀಯ ನ್ಯಾಯ ಸಂಹಿತೆಯ 314ನೇ ಕಲಮು (ಹಿಂದೆ ಐಪಿಸಿ 403) ಹೇಳುವುದಿಷ್ಟು: ಇನ್ನೊಬ್ಬರ ವಸ್ತುವನ್ನು ಕಾಪಾಡಿ ಹಿಂದಿರುಗಿಸಲು ಎತ್ತಿಟ್ಟುಕೊಂಡರೆ ಅಪರಾಧವಿಲ್ಲ. ಒಡೆಯರು ಯಾರೆಂದು ಗೊತ್ತಿದ್ದೂ, ಅಥವಾ ತಕ್ಕಮಟ್ಟಿಗೆ ಹುಡುಕದೆ, ತಿಳಿಸದೆ, ತಕ್ಕಷ್ಟು ಕಾಲ ಕಾಯದೆ ತನ್ನದಾಗಿಸಿಕೊಂಡರೆ ಅಪರಾಧ. ಎಷ್ಟು ದಿನ ಎಂದು ಅದು ಲೆಕ್ಕ ಕೊಟ್ಟಿಲ್ಲ. ಕಾನೂನಿನ ಕಣ್ಣಿಗೆ ಸಾಕಿದ ಬೆಕ್ಕೂ ಸೊತ್ತೇ. ನಡುವೆ ನೀವು ಚಿಕಿತ್ಸೆಗೆ ದುಡ್ಡು ಹಾಕಿದರೆ, 1872ರ ಕರಾರು ಕಾಯ್ದೆಯ 168ನೇ ಕಲಮಿನಂತೆ ಖರ್ಚಿಗಾಗಿ ದಾವೆ ಹೂಡಲು ಬರುವುದಿಲ್ಲ, ಆದರೆ ಖರ್ಚು ಕೊಡುವವರೆಗೆ ಇಟ್ಟುಕೊಳ್ಳುವ ಹಕ್ಕಿದೆ. ಆ ಹಕ್ಕನ್ನು ಚಲಾಯಿಸಿ ಎಂದು ನಾನು ಹೇಳಲಾರೆ. ಬಿಲ್ಲು ತೋರಿಸಿ, ಕೊಟ್ಟಷ್ಟು ತೆಗೆದುಕೊಂಡು ಬೆಕ್ಕನ್ನು ಒಪ್ಪಿಸಿ. ನನ್ನ ಅಂದಾಜಿನಲ್ಲಿ ಒಂದು ತಿಂಗಳು ನಿಜವಾಗಿ ಹುಡುಕಿ, ಚೀಟಿ, ಸಂದೇಶಗಳ ಪ್ರತಿ ದಿನಾಂಕ ಸಮೇತ ಇಟ್ಟುಕೊಂಡರೆ ನೀವು ಮಾಡಬೇಕಾದದ್ದನ್ನು ಮಾಡಿದಂತೆ.

ಚಿಪ್ ಬಗ್ಗೆ ನೀವು ಕೇಳಿಲ್ಲ, ಆದರೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಅಕ್ಕಿಕಾಳಿನಷ್ಟು ದಪ್ಪದ ಒಂದು ಸಾಧನವನ್ನು ಹೆಗಲೆಲುಬುಗಳ ನಡುವೆ ಚರ್ಮದಡಿ ಸೂಜಿಯಲ್ಲಿ ಸೇರಿಸಿರುತ್ತಾರೆ. ಅದರಲ್ಲಿ ಬ್ಯಾಟರಿ ಇಲ್ಲ, ಬೆಕ್ಕು ಎಲ್ಲಿದೆ ಎಂದು ಅದು ತೋರಿಸುವುದೂ ಇಲ್ಲ. ಸ್ಕ್ಯಾನರ್ ಹಿಡಿದಾಗ 15 ಅಂಕಿಯ ಒಂದು ಸಂಖ್ಯೆ ಕಾಣುತ್ತದೆ, ಅಷ್ಟೇ. ಆ ಸಂಖ್ಯೆಯನ್ನು ಯಾರೋ ಎಲ್ಲೋ ನೋಂದಾಯಿಸಿದ್ದರೆ ಮಾತ್ರ ಮಾಲೀಕರ ಹೆಸರು ಸಿಗುತ್ತದೆ. ನಮ್ಮಲ್ಲಿ ಹೊರದೇಶಕ್ಕೆ ಹೋಗಿಬಂದ ಬೆಕ್ಕು, ದುಬಾರಿ ಪರ್ಷಿಯನ್ ಬೆಕ್ಕು ಬಿಟ್ಟರೆ ಚಿಪ್ ಹಾಕಿಸಿದ್ದು ಕಡಿಮೆ. ಆದರೂ ಹೇಗೂ ಪರೀಕ್ಷೆಗೆ ಒಯ್ಯುವಾಗ ಸ್ಕ್ಯಾನರ್ ಇರುವ ಕ್ಲಿನಿಕ್ಕನ್ನು ಫೋನಿನಲ್ಲಿ ವಿಚಾರಿಸಿಕೊಂಡು ಹೋಗಿ, ಒಂದು ನಿಮಿಷದ ಕೆಲಸ.

ನಿಮ್ಮ ಮನೆಯ ಬೆಕ್ಕಿನ ವಿಚಾರದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಹೊಸ ಬೆಕ್ಕನ್ನು ಈಗ ಒಳಗೆ ಬಿಡಬೇಡಿ, ವರಾಂಡದಲ್ಲೇ ಇರಲಿ. ಬೆಕ್ಕುಗಳಿಗೆ ಬರುವ ಪ್ಯಾನ್‌ಲ್ಯುಕೋಪೀನಿಯಾ ಎಂಬ ವೈರಸ್ ರೋಗ ಲಸಿಕೆ ಇಲ್ಲದ ಮರಿಗಳನ್ನು, ಎಳೆಯ ಬೆಕ್ಕುಗಳನ್ನು ವಾಂತಿಭೇದಿಯಿಂದ ಕೆಲವೇ ದಿನಗಳಲ್ಲಿ ಕೊಲ್ಲುತ್ತದೆ. ಆ ವೈರಸ್ ನೆಲದಲ್ಲಿ, ತಟ್ಟೆಯಲ್ಲಿ, ಚಪ್ಪಲಿಯಲ್ಲಿ ತಿಂಗಳುಗಟ್ಟಲೆ ಉಳಿಯಬಲ್ಲದು. ನಿಮ್ಮ ಬೆಕ್ಕಿಗೆ ಲಸಿಕೆಯ ಬಾಕಿ ಇದ್ದರೆ ಈ ವಾರವೇ ಹಾಕಿಸಿ. ಊಟದ ತಟ್ಟೆ ಬೇರೆ ಇರಲಿ, ಮುಟ್ಟಿದ ಮೇಲೆ ಕೈ ತೊಳೆಯಿರಿ. ಹೊಸ ಬೆಕ್ಕಿಗೆ ಹಾಲಿನ ಬದಲು ನೀರಿಡಿ, ಬೆಳೆದ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲು ಜೀರ್ಣವಾಗುವುದಿಲ್ಲ. ಉಪ್ಪು, ಮಸಾಲೆ, ಈರುಳ್ಳಿ ಹಾಕದೆ ಬೇಯಿಸಿದ ಕೋಳಿ, ಮೀನು ಒಳ್ಳೆಯದು. ಮೈ ಬಿಸಿ ಇದೆ ಎಂದು ಜ್ವರದ ಮಾತ್ರೆ ಮಾತ್ರ ಕೊಡಲೇಬೇಡಿ. ಪ್ಯಾರಸಿಟಮಾಲ್ ಬೆಕ್ಕಿಗೆ ವಿಷ, ಒಂದೇ ಮಾತ್ರೆ ಸಾಕು ಕೊಲ್ಲಲು.

ಮಗಳ ವಿಚಾರವೂ ಅಷ್ಟೇ ಮುಖ್ಯ. ಎಷ್ಟೇ ಸಾಧುವಾದರೂ ಲಸಿಕೆಯ ಚರಿತ್ರೆ ಗೊತ್ತಿಲ್ಲದ ಬೆಕ್ಕು ಅದು. ನಾಯಿಯಷ್ಟಲ್ಲದಿದ್ದರೂ ಬೆಕ್ಕಿನಿಂದಲೂ ರೇಬೀಸ್ ಬರುತ್ತದೆ. ಕಚ್ಚಿದರೆ, ಪರಚಿದರೆ, ಗಾಯವನ್ನು ಹರಿಯುವ ನೀರಿನಡಿ ಸೋಪು ಹಾಕಿ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ. ಅರಿಶಿನ, ಸುಣ್ಣ, ಕಾಫಿಪುಡಿ ಹಚ್ಚಬೇಡಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಚರ್ಮಕ್ಕೆ ಕೊಡುವ ಲಸಿಕೆ 0, 3, 7, 28ನೇ ದಿನಗಳಲ್ಲಿ ಇರುತ್ತದೆ, ಗಾಯದಿಂದ ರಕ್ತ ಬಂದಿದ್ದರೆ ಅದರ ಜೊತೆ, ವೈರಸ್ಸನ್ನು ಕೂಡಲೇ ತಡೆಯುವ ಇಮ್ಯುನೋಗ್ಲೋಬ್ಯುಲಿನ್ ಎಂಬ ಚುಚ್ಚುಮದ್ದು ಕೂಡ. ಸದಾ ಸಾಧುವಾಗಿದ್ದ ಬೆಕ್ಕು ಇದ್ದಕ್ಕಿದ್ದಂತೆ ಜೊಲ್ಲು ಸುರಿಸುತ್ತಾ ಮೇಲೆರಗಿದರೆ ಹತ್ತಿರ ಹೋಗಬೇಡಿ, ಪಶು ಆಸ್ಪತ್ರೆಗೆ ತಿಳಿಸಿ.

ತಿಂಗಳು ಕಳೆದರೂ ಯಾರೂ ಬರಲಿಲ್ಲ ಎನ್ನಿ. ಆಗ ಬೆಕ್ಕನ್ನು ಇಟ್ಟುಕೊಳ್ಳಿ, ಸಂತೋಷದಿಂದಲೇ. ಮೊದಲು ಪರೀಕ್ಷೆ, ಜಂತುಹುಳುವಿನ ಔಷಧಿ, ಲಸಿಕೆ, ಆಮೇಲೆ ಆಪರೇಷನ್. ಗಂಡಾಗಿದ್ದು ಬೀಜ ಇದ್ದರೆ ಇದನ್ನು ಮುಂದೂಡಬೇಡಿ. ನಿಮ್ಮ ಹೆಣ್ಣು ಬೆಕ್ಕಿಗೆ ಆಗಿಲ್ಲದಿದ್ದರೆ ಅದಕ್ಕೂ ಮಾಡಿಸಿ, ಬೆಕ್ಕಿನ ಬಸಿರು ಎರಡೇ ತಿಂಗಳ ಮಾತು. ಒಳಗೆ ತಂದ ಮೇಲೆ ಎರಡು ವಾರ ಬೇರೆ ಕೋಣೆ. ಮಲಗುವ ಬಟ್ಟೆಗಳನ್ನು ಅದಲು ಬದಲು ಮಾಡಿ ಒಂದರ ವಾಸನೆ ಇನ್ನೊಂದಕ್ಕೆ ಪರಿಚಯವಾಗಲಿ, ಆಮೇಲೆ ಮುಚ್ಚಿದ ಬಾಗಿಲಿನ ಎರಡೂ ಬದಿ ಊಟ, ಕೊನೆಗೆ ಮುಖಾಮುಖಿ. ಅವಸರ ಮಾಡಿದರೆ ಮೊದಲ ದಿನದ ಜಗಳ ವರ್ಷಗಟ್ಟಲೆ ಉಳಿಯುತ್ತದೆ.

ಸಾಕಿದವರು ಸಿಕ್ಕಿ, ‘ನಮಗೆ ಬೇಡ, ನೀವೇ ಇಟ್ಟುಕೊಳ್ಳಿ’ ಎಂದರೆ ಆ ಮಾತನ್ನು ಒಂದು ವಾಟ್ಸ್‌ಆ್ಯಪ್ ಸಂದೇಶವಾಗಿ ಬರೆಸಿಕೊಳ್ಳಿ, ಲಸಿಕೆಯ ಪುಸ್ತಕ ಇದ್ದರೆ ಕೇಳಿ ತೆಗೆದುಕೊಳ್ಳಿ. ‘ನಮ್ಮದೇ, ಆದರೆ ಹೊರಗೇ ಓಡಾಡಿಕೊಂಡಿರಲಿ’ ಎಂದರೆ ಬೆಕ್ಕು ಅವರದೇ. ದಿನಾ ಸಂಜೆ ಅದು ನಿಮ್ಮಲ್ಲಿಗೆ ಬರುವುದಕ್ಕೆ ಅವರ ಅಭ್ಯಂತರ ಇದೆಯೇ, ತಿನ್ನಬಾರದ್ದು ಏನಾದರೂ ಇದೆಯೇ ಎಂದು ಕೇಳಿಕೊಳ್ಳಿ. ಲಸಿಕೆಯ ತಾರೀಕು ಯಾರು ನೆನಪಿಡಬೇಕು ಎಂಬುದನ್ನು ಎರಡೂ ಮನೆಯವರು ಆಗಲೇ ಮಾತಾಡಿಕೊಳ್ಳಿ.